ಎಂಟಾಳು ನೀರಿಗೊಂದು ಕಂಪ್ಯೂಟರ್

ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಂಗುವಿಗೆ ಒಂದು ಬಿರುದಿತ್ತು: ಕಂಪ್ಯೂಟರ್ ಸಂಗು. ಬಿರುದು ದೊಡ್ಡದು, ಕೆಲಸ ಸಣ್ಣದು. ಮಾಳಿಂಗರಾಯನ ಝೆರಾಕ್ಸ್ ಅಂಗಡಿಯಲ್ಲಿ ತಿಂಗಳ ಪಗಾರಕ್ಕೆ ಕುಳಿತು ಅರ್ಜಿ ತುಂಬುವುದು, ಹೊಲದ ಪಹಣಿ ಉತಾರ ತೆಗೆಯುವುದು, ಗುರುತಿನ ಚೀಟಿಗಳಿಗೆ ಲ್ಯಾಮಿನೇಷನ್ ಮಾಡುವುದು, ಇಷ್ಟೇ. ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿರುತ್ತದೆ ಎಂಬುದನ್ನು ಅವನು ನೋಡಿದ್ದು ಒಂದೇ ಸಲ, ಅದೂ ಒಳಗೆ ಇಲಿ ಸತ್ತು ನಾತ ಬಂದಾಗ. ಆದರೂ ಓಣಿಯ ಮಂದಿ ಟಿವಿ ಕೆಟ್ಟರೆ, ಮೊಬೈಲ್ ನೀರಿಗೆ ಬಿದ್ದರೆ, ಮಗಳ ಜಾತಕ ಕೂಡಿಬರದಿದ್ದರೆ ಅವನನ್ನೇ ಕೇಳುತ್ತಿದ್ದರು. ಅವನೂ ಒಮ್ಮೆಯೂ ಗೊತ್ತಿಲ್ಲ ಎಂದವನಲ್ಲ. ‘ಗೊತ್ತಿಲ್ಲ’ ಎಂಬ ಮಾತು ಗಂಟಲಿಗೆ ಬರುವಷ್ಟರಲ್ಲಿ ‘ನೋಡೂಣ್ರಿ’ ಎಂಬ ಮಾತು ತುಟಿ ದಾಟಿ ಹೋಗಿರುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಅಬ್ದುಲರಜಾಕ ಅಂಗಡಿಯ ಕಟ್ಟೆ ಏರಿ ಬಂದ. ಸಂಗುವಿನ ಮನೆಗೆ ಮೂರು ಮನೆ ಆಚೆ ಅವನ ಮನೆ. ಸಂಗು ತೊದಲುವ ಕಾಲದಿಂದ ಅವನಿಗೆ ಕಾಕಾ ಎನ್ನುತ್ತಿದ್ದ.

“ಲೇ ಸಂಗ್ಯಾ, ಕೈಯಾಗ ಕೆಲಸ ಐತೇನು?”

“ಇಲ್ರಿ ಕಾಕಾ, ಕುಂಡ್ರಿ.”

“ನನಗೊಂದು ಕಂಪ್ಯೂಟರ್ ಬೇಕಾಗೈತಿ. ಅಗ್ಗದ್ದಿರಬೇಕು. ನೀರಾಗ ಮುಳುಗಿದ್ರೂ ನಡೀಬೇಕು. ನೀ ಆರಿಸಿ ಕೊಡು.”

ನೀರು ತಾಗಿದ ಕಂಪ್ಯೂಟರ್ ನಡೆಯುವುದಿಲ್ಲ ಎಂಬುದು ಸಂಗುವಿಗೆ ಸ್ವಂತ ಅನುಭವ. ಹೋದ ವರ್ಷ ಕೀಬೋರ್ಡಿನ ಮೇಲೆ ಚಹಾ ಚೆಲ್ಲಿ ಮಾಳಿಂಗರಾಯನ ಬಾಯಿಂದ ಏನೇನೋ ಕೇಳಿಸಿಕೊಂಡಿದ್ದ. ಆದರೂ ಅವನ ಬಾಯಿ ಅವನನ್ನು ಒಂದು ಮಾತೂ ಕೇಳದೆ ಹೇಳಿಬಿಟ್ಟಿತು, “ನೋಡೂಣ್ರಿ ಕಾಕಾ.”

“ಹೊಳಿಗೆ ಹೊಸ ನೀರು ಬರೂದ್ರೊಳಗ ಬೇಕು,” ಎಂದು ರಜಾಕ ಎದ್ದು ನಿಂತ. “ನಿಮ್ಮ ಕಾಕು ಒಪ್ಪೂವಂಥಾದ್ದಿರಬೇಕು, ಅದು ಮೊದಲು.”

ಕಾಕು ಎಂದರೆ ರಜಾಕನ ಹೆಂಡತಿ; ಅವಳನ್ನು ಒಪ್ಪಿಸುವ ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಕಷ್ಟದ್ದು ಎಂದು ಸಂಗುವಿಗೆ ಗೊತ್ತಿತ್ತು.

ಅಬ್ದುಲರಜಾಕನನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ಬಾವಿಗಳು ಬಲ್ಲವು. ಮನುಷ್ಯರು ಆಮೇಲೆ. ಮೋಟಾರು ಕಳಚಿ ತಳ ಸೇರಿದರೆ, ಪೈಪಿನ ಬಾಯಿಗೆ ಚಿಂದಿ ಸಿಕ್ಕಿಕೊಂಡರೆ, ಮದುವೆ ಮನೆಯ ಹೆಣ್ಣುಮಗಳ ಬೋರಮಾಳ ಕೊರಳಿಂದ ಜಾರಿ ಬಿದ್ದರೆ ಅವನಿಗೇ ಫೋನು. ಉಸಿರು ಕಟ್ಟಿ ಇಳಿದರೆ ಬರಿಗೈಯಲ್ಲಿ ಬಂದವನಲ್ಲ. ಇಂಡಿಯ ನಿಂಬೆತೋಟದವರು ಕೂಲಿಯ ಮೇಲೆ ಒಂದು ಚೀಲ ನಿಂಬೆಹಣ್ಣು ಹೊರಿಸಿ ಕಳಿಸುತ್ತಿದ್ದರು. ದೇವರ ಹಿಪ್ಪರಗಿಯವರು ತೊಗರಿಬೇಳೆ. ಹೂವಿನ ಹಿಪ್ಪರಗಿಯ ಒಬ್ಬ ಗೌಡರು ಒಮ್ಮೆ ಖುಷಿಗೆ ಕುರಿಮರಿಯನ್ನೇ ಕೊಟ್ಟಿದ್ದರು. ಬಸ್ಸಿನವರು ಅದನ್ನು ಹತ್ತಿಸಿಕೊಳ್ಳಲಿಲ್ಲವೆಂದು ಗಂಡಹೆಂಡತಿ ಇಬ್ಬರೂ ಮರಿಯ ಜೊತೆ ಟ್ರ್ಯಾಕ್ಟರ್ ಹಿಡಿದು ಮನೆಗೆ ಬಂದಿದ್ದರು. ಈಗ ಅವನಿಗೆ ಐವತ್ತೆರಡು. ಮೂವತ್ತು ವರ್ಷದ ನೀರು ಬಲಗಿವಿಯನ್ನು ಅರ್ಧ ಕಿವುಡು ಮಾಡಿತ್ತು. ನೆಲದ ಮೇಲೆ ಕಾಲೆಳೆದು ನಡೆಯುವ ಮನುಷ್ಯ ನೀರು ಕಂಡ ಕೂಡಲೇ ಇಪ್ಪತ್ತರ ಹುಡುಗನಾಗುತ್ತಿದ್ದ.

ಅವನು ಇಳಿದಾಗೆಲ್ಲ ಬಾವಿಯ ದಂಡೆಯ ಮೇಲೆ ಹೆಂಡತಿ ಸಿದ್ದೀಕಾ ಕೂರುತ್ತಿದ್ದಳು. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಅವಳ ಕೈಯಲ್ಲಿ, ಎಲೆಯಡಿಕೆಯ ಸಂಚಿ ಮಡಿಲಲ್ಲಿ. ಗಂಡನ ತಲೆ ನೀರೊಳಗೆ ಮರೆಯಾದ ಕ್ಷಣಕ್ಕೆ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕುತ್ತಿದ್ದಳು. ಬಾಯಿ ತುಂಬ ಕೆಂಪಾಗಿ ಉಗುಳಬೇಕು ಅನ್ನಿಸುವ ಹೊತ್ತಿಗೆ ಒಂದು ಎಲೆ ಮುಗಿದಂತೆ. ಸಾಮಾನ್ಯವಾಗಿ ಅವನು ಅರ್ಧ ಎಲೆಗೆ ಮೇಲೆ ಬರುತ್ತಿದ್ದ. ಎಲೆ ಪೂರ್ತಿ ಆಗುವ ಲಕ್ಷಣ ಕಂಡರೆ ಅವಳು ಹಗ್ಗ ಜಗ್ಗುತ್ತಿದ್ದಳು. ಅವಳ ಕೈಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬೋರ್‌ವೆಲ್ಲುಗಳು ಬಂದು ಬಾವಿಗಳ ಕೆಲಸ ಕಡಿಮೆಯಾದಾಗ ರಜಾಕನಿಗೆ ಹೊಳೆಯ ಹಿನ್ನೀರಿನ ಕೆಲಸ ಸಿಕ್ಕಿತು. ಹೊಳೆ ದಂಡೆಯಲ್ಲಿ ಜಾಕ್‌ವೆಲ್ ಎಂಬ ದೊಡ್ಡ ಬಾವಿ ಕಟ್ಟಿರುತ್ತಾರೆ. ಅಲ್ಲಿಂದ ಪಂಪುಗಳು ಊರೂರಿಗೆ ನೀರು ಎತ್ತುತ್ತವೆ. ಅದರ ಬಾಯಿಯ ಕಬ್ಬಿಣದ ಜಾಳಿಗೆಗೆ ಜೊಂಡು, ಹರಿದ ಮೀನುಬಲೆ, ಯಾರದೋ ಸೀರೆ ಸಿಕ್ಕಿಕೊಳ್ಳುತ್ತವೆ. ಎಂಟಾಳೆತ್ತರದ ನೀರಿನಲ್ಲಿ ಇಳಿದು ಅದನ್ನು ಬಿಡಿಸಬೇಕು. ಉಸಿರು ಕಟ್ಟಿ ಆಗುವ ಕೆಲಸವಲ್ಲ. ಗುತ್ತಿಗೆದಾರನೊಬ್ಬ ಚಳಿಗಾಲದಲ್ಲಿ ರಜಾಕನನ್ನು ಕಡಲ ದಂಡೆಗೆ ಕಳಿಸಿ, ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಇಳಿಯುವ ಸ್ಕೂಬಾ ವಿದ್ಯೆ ಕಲಿಸಿ ತಂದ. ಅಲ್ಲಿ ಕಲಿಸಿದಾಕೆ ಪ್ರಿಯದರ್ಶಿನಿ, ದೇವರ ಹಿಪ್ಪರಗಿಯ ಹೆಣ್ಣುಮಗಳು. ಹೊರಡುವಾಗ ಆಕೆ ಹೇಳಿದ್ದಳು: “ಕಾಕಾ, ಒಂದು ಡೈವ್ ಕಂಪ್ಯೂಟರ್ ತಗೊಳ್ರಿ. ಅದಿಲ್ದ ಇಳೀಬ್ಯಾಡ್ರಿ.” ರಜಾಕ ತಲೆಯಾಡಿಸಿ, ಊರಿಗೆ ಬಂದು ಮರೆತ. ಮೇಲೆ ಸಿದ್ದೀಕಾ ಇದ್ದಾಳಲ್ಲ.

ಏಪ್ರಿಲ್ ತಿಂಗಳಲ್ಲಿ ಸಿಲಿಂಡರ್ ಕಟ್ಟಿ ಮೊದಲ ಸಲ ಜಾಕ್‌ವೆಲ್ಲಿಗೆ ಇಳಿದ. “ನಾಕೈದು ಎಲಿ ತಡಿ” ಎಂದು ಹೆಂಡತಿಗೆ ಹೇಳಿಯೇ ಇಳಿದಿದ್ದ. ಸಿದ್ದೀಕಾ ಐದು ಎಲೆ ತಡೆದಳು. ಆರನೆಯದಕ್ಕೆ ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿತು. ಏಳನೆಯದು ಮುಗಿದಾಗ ಮೂವತ್ತು ವರ್ಷದ ರೂಢಿ ಅವಳ ಕೈಯನ್ನು ಹಿಡಿದುಕೊಂಡಿತು. ಹಗ್ಗ ಜಗ್ಗಿದಳು, ಸಾಲದು ಎಂದು ಪಂಪ್‌ಹೌಸಿನ ನಾಲ್ವರನ್ನು ಕರೆದು ಜಗ್ಗಿಸಿದಳು. ಆ ನಾಲ್ವರು ರಜಾಕನನ್ನು ಎಂಟಾಳು ನೀರಿನಿಂದ ಕೊಡ ಸೇದಿದ ಹಾಗೆ ಸೇದಿ ಮೇಲೆ ಹಾಕಿದರು. ಮೂಗಿನಿಂದ ರಕ್ತ, ಎರಡು ದಿನ ಹೆಗಲು ಎತ್ತಲಾಗದ ನೋವು. ಡಾಕ್ಟರು, “ಇಷ್ಟರಾಗ ಪಾರಾದಿ, ಪುಣ್ಯಾತ್ಮ” ಎಂದರು.

ಸಿಲಿಂಡರಿನ ಗಾಳಿ ಉಸಿರಾಡಿದವನನ್ನು ಹಾಗೆ ಒಮ್ಮೆಲೇ ಎಳೆಯಬಾರದು ಎಂದು ಸಿದ್ದೀಕಾಗೆ ತಿಳಿದದ್ದು ಆಮೇಲೆ. ಅಂದೇ ಹಗ್ಗವನ್ನು ಸುತ್ತಿ ಅಟ್ಟದ ಮೇಲೆ ಎಸೆದಳು. “ಇನ್ನ ನೀರಿಗಿ ಇಳಿದ್ರ ನನ್ನಾಣಿ,” ಎಂದಳು. ರಜಾಕ ಒಂದು ತಿಂಗಳು ಮನೆಯ ಕಟ್ಟೆಯ ಮೇಲೆ ಕುಳಿತು ದಾರಿಯಲ್ಲಿ ಹೋಗುವ ಎಮ್ಮೆಗಳನ್ನು ಎಣಿಸಿದ. ಸ್ನಾನದ ಬಕೆಟ್ಟಿನಲ್ಲಿ ಕೈ ಅದ್ದಿ ಸುಮ್ಮನೆ ಕೂತಿರುವುದನ್ನು ಮಗಳು ಫರಹತ ನೋಡಿ ಸಂಗುವಿಗೆ ಹೇಳಿದ್ದಳು. ಮಳೆಗಾಲದ ಹೊಸ ನೀರು ಬರುವ ಮೊದಲು ಜಾಳಿಗೆ ಸ್ವಚ್ಛವಾಗಬೇಕು. ಇಲ್ಲವಾದರೆ ಗುತ್ತಿಗೆದಾರ ಬೇರೆ ಊರಿನವರನ್ನು ಕರೆಸುತ್ತಾನೆ. ಒಮ್ಮೆ ಬೇರೆಯವರು ಇಳಿದರೆ ರಜಾಕ ಮತ್ತೆ ನೀರು ಕಾಣುವುದು ಬಕೆಟ್ಟಿನಲ್ಲಿಯೇ.

ಸಂಗು ಮೊದಲ ದಿನವೇ ಕೆಲಸ ಮುಗಿಸಿದೆ ಅಂದುಕೊಂಡ. ಅಂತರ್ಜಾಲದಲ್ಲಿ ಹುಡುಕಿ, ಸಿಲಿಕೋನ್ ಹೊದಿಕೆಯ, ನೀರು ಬಿದ್ದರೂ ಕೆಡದ ಕೀಬೋರ್ಡಿನ ಚಿತ್ರ ತೆಗೆದು ರಜಾಕನ ಮುಂದೆ ಹಿಡಿದ.

ರಜಾಕ ಚಸ್ಮಾ ಏರಿಸಿ ಬಹಳ ಹೊತ್ತು ನೋಡಿದ. “ಇದನ್ನ ಎದಿಗಿ ಕಟಗೊಂಡು ಇಳೀಬೇಕೇನು?”

“ಇದರ ಟಿವಿ ಬ್ಯಾರೆ ಬರ್ತೈತ್ರಿ,” ಎಂದ ಸಂಗು. ಅವನ ದನಿ ಅವನಿಗೇ ತೆಳ್ಳಗೆ ಕೇಳಿಸಿತು.

“ಅಲ್ಲಿ ಅವರೆಲ್ಲಾ ಕೈಗಿ ಕಟಗೊಂಡಿದ್ರಪಾ. ಗಡಿಯಾರದ್ಹಂಗ.” ರಜಾಕ ಕಿಸೆಯಿಂದ ಮಡಚಿದ ಚೀಟಿ ತೆಗೆದ. “ಆ ಹುಡುಗಿ ನಂಬರ್ ಐತಿ. ನನಗ ಫೋನಿನ್ಯಾಗ ಕೇಳ್ಸಂಗಿಲ್ಲ. ನೀನ ಮಾತಾಡು.”

ಕಂಪ್ಯೂಟರ್ ಎಂದರೆ ಏನು ಎಂಬುದನ್ನು ಕಂಪ್ಯೂಟರ್ ಸಂಗು ಫೋನಿನಲ್ಲಿ ಕಲಿತ. ಪ್ರಿಯದರ್ಶಿನಿ ನಗದೆ ಹೇಳಿದಳು, ಅದು ಅವಳ ದೊಡ್ಡತನ. “ತಮ್ಮಾ, ಅದು ಕೈಯಾಗಿನ ಯಂತ್ರ. ಎಷ್ಟು ಆಳದಾಗ ಅದೀರಿ, ಎಷ್ಟು ಹೊತ್ತಾತು, ಇನ್ನ ಎಷ್ಟು ಹೊತ್ತು ಇರಬಹುದು, ಅಷ್ಟು ಹೇಳ್ತೈತಿ. ಮ್ಯಾಲ ಬರೂವಾಗ ಅವಸರ ಮಾಡಿದ್ರ ಬೈತೈತಿ. ಐದು ಮೀಟರಿಗಿ ಬಂದಾಗ ಮೂರು ನಿಮಿಷ ನಿಲ್ಲು ಅಂತೈತಿ. ಸೋಡಾ ಬಾಟ್ಲಿ ಒಮ್ಮೆಲೆ ತಗದ್ರ ಏನಾಗ್ತೈತಿ?”

“ನೊರಿ ಉಕ್ಕತೈತ್ರಿ.”

“ಕಾಕಾನ ರಕ್ತದಾಗೂ ಹಂಗ. ಸ್ವಲ್ಪ ಸ್ವಲ್ಪ ತಗೀಬೇಕು. ಅದಕ್ಕ ನಿಲ್ಲೂದು.”

ಅಂದಿನಿಂದ ಸಂಗು ಜಾಣನಾದ. ಒಂದು ವಾರ ಹುಡುಕಿ, ದೊಡ್ಡ ಕೋಷ್ಟಕ ಮಾಡಿದ. ಬಣ್ಣದ ಪರದೆಗೆ ಹತ್ತು ಅಂಕ, ಬ್ಲೂಟೂತಿಗೆ ಹತ್ತು, ಸಿಲಿಂಡರಿನ ಗಾಳಿಯನ್ನು ತಾನೇ ಓದುವುದಕ್ಕೆ ಇಪ್ಪತ್ತು, ಕೈಪಟ್ಟಿಯ ಬಣ್ಣಕ್ಕೆ ಐದು. ಅಗ್ಗ ಎಂಬ ಕಾಲಂ ಕೊನೆಗೆ ಉಳಿಯಿತು, ಅದಕ್ಕೆ ಎರಡು ಅಂಕ ಉಳಿದವು. ನೂರಕ್ಕೆ ತೊಂಬತ್ತೊಂದು ಪಡೆದ ಯಂತ್ರದ ಬೆಲೆ ಅವನ ಆರು ತಿಂಗಳ ಪಗಾರ. ಹೆಮ್ಮೆಯಿಂದ ಕೋಷ್ಟಕವನ್ನು ಪ್ರಿಯದರ್ಶಿನಿಗೆ ಕಳಿಸಿದ. ಸಂಜೆಯೇ ಫೋನು ಬಂತು.

“ತಮ್ಮಾ, ಇದನ್ನ ಕಾಕಾನ ಸಲುವಾಗಿ ಆರಿಸೀಯೋ, ನಿನ್ನ ಸಲುವಾಗಿ ಆರಿಸೀಯೋ?”

ಸಂಗು ಕೋಷ್ಟಕವನ್ನು ಮತ್ತೆ ನೋಡಿದ. ಪಟ್ಟಿಗೆ ಅವನು ಆರಿಸಿದ್ದ ಕಿತ್ತಳೆ ಬಣ್ಣ ಅವನದೇ ಮೆಚ್ಚಿನ ಅಂಗಿಯದು.

“ಕಾಕಾಗ ಚಸ್ಮಾ ಐತೇನು?”

“ಪೇಪರ್ ಓದಾಕ ಹಾಕ್ತಾರ್ರಿ ಅಕ್ಕಾರ.”

“ನೀರಾಗ ಮಾರಿ ತುಂಬ ಮಾಸ್ಕ್ ಇರ್ತೈತಿ. ಚಸ್ಮಾ ಎಲ್ಲಿಡ್ತಿ?”

ಸಂಗು ಕೋಷ್ಟಕದ ಅಂಚಿಗೆ ‘ದಪ್ಪ ಅಂಕಿ’ ಎಂದು ಬರೆದುಕೊಂಡ.

“ಕಿವಿ?”

“ಒಂದು ಅರ್ಧ ಕೇಳ್ಸಂಗಿಲ್ರಿ.”

“ಹಂಗಾದ್ರ ಬರೇ ಪೀಂ ಅಂದ್ರ ಸಾಲಂಗಿಲ್ಲ, ದೀಪಾನೂ ಮಿಣುಕಬೇಕು. ಬ್ಯಾಟರಿ ಖಾಲಿಯಾದ್ರ?”

“ಕಂಪನಿಗೆ ಕಳಸಬೇಕಂತ ಬರದೈತ್ರಿ.”

“ಅದು ಹೋಗಿ ಬರೂದ್ರೊಳಗ ನಿಮ್ಮ ಹೊಳಿ ಎರಡು ಸಲ ತುಂಬಿ ಇಳದಿರ್ತೈತಿ. ನಿಮ್ಮ ಓಣ್ಯಾಗ ಗಡಿಯಾರ ರಿಪೇರಿಯಂವ ಹಾಕಿ ಕೊಡೂವಂಥಾ ಸೆಲ್ ಇರಬೇಕು. ಸಿಹಿನೀರಿಗಿ, ಉಪ್ಪುನೀರಿಗಿ ಬದಲಿ ಮಾಡಾಕ ಬರಬೇಕು. ಮತ್ತ ಮುದ್ದೇಬಿಹಾಳ ಸಮುದ್ರಕ್ಕಿಂತ ಎಷ್ಟು ಮ್ಯಾಲೈತಿ?”

“ನಮ್ಮಲ್ಲಿ ಗುಡ್ಡ ಎಲ್ಲಿವ್ರಿ ಅಕ್ಕಾರ? ಬರೇ ಎರಿ ಹೊಲ.”

“ನನಗ ಹೇಳ್ತಿಯೇನು ಎರಿ ಹೊಲದ ಸುದ್ದಿ? ಹುಡುಕು.”

ಹುಡುಕಿದರೆ ಐನೂರು ಮೀಟರಿಗೂ ಮೇಲೆ. ಮುನ್ನೂರು ದಾಟಿದರೆ ಗಾಳಿ ತೆಳುವಾಗುತ್ತದೆ, ಯಂತ್ರಕ್ಕೆ ಅದನ್ನು ಮೊದಲೇ ತಿಳಿಸಬೇಕು, ಇಲ್ಲವೇ ಅದೇ ತಿಳಿದುಕೊಳ್ಳುವಂತಿರಬೇಕು ಎಂದಳು ಪ್ರಿಯದರ್ಶಿನಿ. ಈ ವರದಿಯನ್ನು ಸಂಗು ರಜಾಕನ ಮನೆಯ ಕಟ್ಟೆಯಲ್ಲಿ ಒಪ್ಪಿಸಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸಿದ್ದೀಕಾಳ ಕೈ ನಿಂತಿತು.

“ನಾವು ಸಮುದ್ರಕ್ಕಿಂತ ಐನೂರು ಮೀಟರ್ ಮ್ಯಾಲ ಕುಂತೇವಂತ?”

“ಹೌದ್ರಿ ಕಾಕು.”

“ಅದಕ್ಕ ನೋಡು, ನೀರು ನಮ್ಮ ಕಡೆ ಬರಾಕ ಇಷ್ಟು ಸೊಕ್ಕು ಮಾಡ್ತೈತಿ,” ಎಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಏಪ್ರಿಲ್‌ನಿಂದ ನೀರಿನ ಸುದ್ದಿಯನ್ನೇ ಎತ್ತದವಳು ಇಷ್ಟಾದರೂ ಮಾತಾಡಿದ್ದೇ ರಜಾಕನಿಗೆ ಹಬ್ಬ.

ಪ್ರಿಯದರ್ಶಿನಿ ಹೇಳಿದ ಗುಣಗಳಿರುವ, ಕೈಗೆ ಎಟಕುವ ಬೆಲೆಯ ಯಂತ್ರಗಳು ಮೂರು ಉಳಿದವು. ಮೂರರಲ್ಲಿ ಯಾವುದು ರಜಾಕನ ಕಣ್ಣಿಗೆ ಕಾಣುತ್ತದೆ? ಇಲ್ಲಿ ಸಂಗುವಿಗೆ ಜೀವನದಲ್ಲಿ ಮೊದಲ ಸಲ ಒಂದು ಸ್ವಂತ ವಿಚಾರ ಹೊಳೆಯಿತು. ಮೂರೂ ಯಂತ್ರಗಳ ಪರದೆಯ ಚಿತ್ರವನ್ನು ಇದ್ದ ಅಳತೆಗೇ ಪ್ರಿಂಟ್ ತೆಗೆದ, ಅಂಗಡಿಯ ಮಷಿನ್ನಿನಲ್ಲಿ ಲ್ಯಾಮಿನೇಷನ್ ಮಾಡಿದ. ಮುಳುಗಿಸಿ ಓದಿಸಿದರೆ ಆಯಿತು.

ಮುಳುಗಿಸುವುದು ಎಲ್ಲಿ? ಬಾವಿಗೆ ಆಣೆ ಇದೆ, ಹೊಳೆಗೆ ಆಣೆ ಇದೆ. ಪಕ್ಕದ ಮನೆ ಗುರವ್ವನ ಎಮ್ಮೆ ನೀರು ಕುಡಿಯುವ ಕಲ್ಲುಬಾನಿಗೆ ಆಣೆ ಇರಲಿಲ್ಲ.

“ತಲಿ ಅಷ್ಟ ಮುಳುಗಸ್ತೇನಿ,” ಎಂದು ರಜಾಕ ಹೆಂಡತಿಯ ಮುಂದೆ ಕೈಜೋಡಿಸಿದ.

ಸಿದ್ದೀಕಾ ಹೊರಗೆ ಬಂದಳು, ಅವನ ಅಂಗಿಯ ಕೊರಳಪಟ್ಟಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದಳು, ಇನ್ನೊಂದು ಕೈಯಲ್ಲಿ ಎಲೆ ಬಾಯಿಗೆ ಹಾಕಿದಳು. “ಹೂಂ, ಮುಳುಗು.”

“ತಡಿ, ಹೊಳಿ ನೀರು ಇಷ್ಟು ತಿಳಿ ಇರಂಗಿಲ್ಲ,” ಎಂದು ರಜಾಕ ಒಂದು ಬೊಗಸೆ ಮಣ್ಣು ಬಾನಿಗೆ ಸುರಿದು ಕಲಕಿದ.

“ಅಲೋ, ನನ್ನ ಎಮ್ಮಿ ಕುಡಿಯೂ ನೀರದು,” ಎಂದಳು ಗುರವ್ವ. ಎಮ್ಮೆ ಆಗಲೇ ಸಿಟ್ಟಿನಿಂದ ಮುಖ ತಿರುಗಿಸಿ ನಿಂತಿತ್ತು.

ರಜಾಕ ಮಾಸ್ಕ್ ಹಾಕಿ ಬಾನಿಯೊಳಗೆ ತಲೆ ಇಟ್ಟ. ಸಂಗು ನೀರಿನಲ್ಲಿ ಕೈ ಮುಳುಗಿಸಿ ಒಂದೊಂದೇ ಚೀಟಿಯನ್ನು ಅವನ ಮುಂದೆ ಹಿಡಿದ. ಮೊದಲನೆಯದು, ಬಣ್ಣದ್ದು. ತಲೆ ಮೇಲೆ ಬಂತು. “ಮಳಿಬಿಲ್ಲು ಕಂಡಂಗಾತು. ಅಂಕಿ ಏನೂ ಕಾಣವಲ್ದು.” ಎರಡನೆಯದು. “ಇರಿವಿ ಸಾಲು ಹೊಂಟಾವು.” ಮೂರನೆಯದು, ಪೇಡೆ ಡಬ್ಬಿಯ ಹಾಗೆ ದಪ್ಪನೆಯ, ಒಂದೇ ಗುಂಡಿಯ, ಕಪ್ಪುಬಿಳುಪಿನ ಹಳೇ ಯಂತ್ರದ್ದು. ಸಂಗುವಿನ ಕೋಷ್ಟಕದಲ್ಲಿ ಅದಕ್ಕೆ ನೂರಕ್ಕೆ ಹನ್ನೊಂದು ಬಂದಿತ್ತು. ರಜಾಕ ತಲೆ ಎತ್ತದೆ ನೀರೊಳಗಿಂದಲೇ ಬೆರಳುಗಳಲ್ಲಿ ತೋರಿಸಿದ: ಹದಿನಾಲ್ಕು. ಕೆಳಗೆ ಮೂವತ್ತೆಂಟು. ಸರಿಯಾಗಿತ್ತು.

ಸಂಗು ಖುಷಿಯಲ್ಲಿ ಕೈಯಲ್ಲಿದ್ದ ಇನ್ನೊಂದನ್ನೂ ಹಿಡಿದ. ಮೂರೇ ಇರಬೇಕಾಗಿತ್ತಲ್ಲ, ನಾಲ್ಕನೆಯದು ಎಲ್ಲಿಂದ ಬಂತು ಎಂದು ಅವನಿಗೆ ಹೊಳೆಯುವಷ್ಟರಲ್ಲಿ ರಜಾಕ ಮೇಲೆ ಬಂದಿದ್ದ.

“ಇದು ಎಲ್ಲಾಕಿಂತ ಚೊಲೋ ಕಾಣ್ತೈತಿ. ಇದ್ರಾಗ ಗುರವ್ವ ಕುಂತಾಳ.”

ಅದು ಗುರವ್ವನ ಗುರುತಿನ ಚೀಟಿ. ಅಂಗಡಿಯಿಂದ ಬರುವಾಗ ಮಷಿನ್ನಿನ ಮೇಲಿದ್ದದ್ದೆಲ್ಲವನ್ನೂ ಸಂಗು ಬಳಿದುಕೊಂಡು ಬಂದಿದ್ದ.

“ಮೂರು ದಿನಾ ಆತು, ಕರೆಂಟಿಲ್ಲ, ಲ್ಯಾಮಿನೇಷನ್ ಆಗಿಲ್ಲ ಅಂತ ಹೇಳಾಕತ್ತಿದ್ದೆಲ್ಲೊ ಬಾಡ್ಯಾ,” ಎಂದಳು ಗುರವ್ವ. “ಆಗೇತಿ ಅಂತ ನನಗ ಹೇಳೂ ಮೊದಲು ನನ್ನ ಎಮ್ಮಿಗಿ ತೋರಿಸೀದಿ.”

ಸಿದ್ದೀಕಾ ನಕ್ಕಳು. ಏಪ್ರಿಲ್‌ನಿಂದ ಈಚೆ ಮೊದಲ ಸಲ. ಬಾಯಲ್ಲಿ ಎಲೆ ಇದ್ದದ್ದರಿಂದ ನಗು ಕೆಂಪಾಗಿ ರಜಾಕನ ಬಿಳಿ ಅಂಗಿಯ ಬೆನ್ನ ಮೇಲೆ ಬಿತ್ತು. ಅವನು ಆ ಅಂಗಿಯನ್ನು ಎರಡು ದಿನ ಒಗೆಯಲು ಕೊಡಲಿಲ್ಲ.

ಕಡಲ ದಂಡೆಯಲ್ಲಿ ಮಳೆಗಾಲಕ್ಕೆ ಸ್ಕೂಬಾ ಹಂಗಾಮು ಮುಗಿಯುತ್ತದೆ. ಜೂನ್ ಮೊದಲ ವಾರ ಪ್ರಿಯದರ್ಶಿನಿ ತವರಿಗೆ ಬರುವಾಗ ಆ ಪೇಡೆ ಡಬ್ಬಿಯನ್ನೇ ತಂದಳು. ಅವರಲ್ಲಿ ಬಾಡಿಗೆಗೆ ಕೊಡುತ್ತಿದ್ದ ಹಳೆಯದು. ಹೊಸದರ ಅರ್ಧ ಬೆಲೆಗೂ ಕಡಿಮೆ. ಹದಿನೈದು ದಿನ ತನ್ನ ಯಂತ್ರದ ಪಕ್ಕದಲ್ಲೇ ಕಟ್ಟಿಕೊಂಡು ಇಳಿದು ಎರಡೂ ಒಂದೇ ಆಳ ಹೇಳುತ್ತವೆಯೇ ಎಂದು ನೋಡಿದ್ದಳು. “ಹಳೇದು ತಗೊಂಡ್ರ ಹಿಂಗ ನೋಡೇ ತಗೋಬೇಕು,” ಎಂದಳು. ಓಣಿಯ ಗಡಿಯಾರ ರಿಪೇರಿಯ ಅಮೀರ ರೂಪಾಯಿ ನಾಣ್ಯದಿಂದ ಅದರ ಹಿಂದಿನ ಮುಚ್ಚಳ ತಿರುಗಿಸಿ, ಸೆಲ್ ನೋಡಿ, ಒಳಗಿನ ರಬ್ಬರ್ ಉಂಗುರಕ್ಕೆ ಧೂಳು ಕೂರಬಾರದು ಎಂದು ತಾನೇ ಪಾಠ ಹೇಳಿ, ಚಹಾ ಕುಡಿಸಿ ಕಳಿಸಿದ.

ಉಳಿದದ್ದು ಅಟ್ಟದ ಮೇಲಿನ ಹಗ್ಗ.

ಸಿದ್ದೀಕಾ ಯಂತ್ರವನ್ನು ಅಂಗೈಯಲ್ಲಿ ಇಟ್ಟುಕೊಂಡು ಪ್ರಿಯದರ್ಶಿನಿ ಹೇಳಿದ್ದೆಲ್ಲವನ್ನೂ ಕೇಳಿದಳು. ಆಮೇಲೆ ಸಂಗುವಿನ ಕಡೆ ತಿರುಗಿದಳು.

“ಇದು ಕೆಳಗಿದ್ದಂವಗ ಎಲ್ಲಾ ಹೇಳ್ತೈತಿ, ಖರೆ. ಮ್ಯಾಲ ಕುಂತಾಕಿಗೆ ಏನು ಹೇಳ್ತೈತಿ?”

ಸಂಗುವಿನ ಬಾಯಿ ತೆರೆಯಿತು. ಬ್ಲೂಟೂತು, ಆ್ಯಪು, ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಆದರೆ ನೀರೊಳಗಿಂದ ಫೋನಿಗೆ ಏನೂ ಬರುವುದಿಲ್ಲ ಎಂದು ಅವನು ಅಷ್ಟರಲ್ಲಿ ಓದಿಕೊಂಡಿದ್ದ. “ಗೊತ್ತಿಲ್ರಿ ಕಾಕು,” ಎಂದ. ಈ ಮಾತು ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವನೇ ಬೆರಗಾದ.

ರಜಾಕ ನೆಲ ನೋಡುತ್ತಿದ್ದ. ಸಿದ್ದೀಕಾ ಪ್ರಿಯದರ್ಶಿನಿಯನ್ನು ಕೇಳಿದಳು, “ಅವ್ವಾ, ಆ ನಿಲ್ಲೂದು ಅಂದೆಲ್ಲ. ಎಷ್ಟು ಆಳದಾಗ?”

“ಐದು ಮೀಟರ್. ಮೂರಾಳು ನೀರು ಅಂತ ತಿಳೀರಿ.”

“ಎಷ್ಟು ಹೊತ್ತು?”

“ಮೂರು ನಿಮಿಷ.”

“ಮೂರು ನಿಮಿಷ ಅಂದ್ರ?”

ಪ್ರಿಯದರ್ಶಿನಿ ಫೋನಿನಲ್ಲಿ ನಿಮಿಷದ ಮುಳ್ಳು ಓಡಲು ಬಿಟ್ಟಳು. ಸಿದ್ದೀಕಾ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿದಳು. ಅವಳು ಎದ್ದು ಬಾಗಿಲಾಚೆ ಉಗುಳಿ ಬಂದಾಗ ಫೋನು ಎರಡು ನಿಮಿಷ ಐವತ್ತಾರು ಸೆಕೆಂಡು ತೋರಿಸುತ್ತಿತ್ತು.

“ನಿನ್ನ ಫೋನ್ ಸ್ವಲ್ಪ ಹಿಂದೈತಿ,” ಎಂದಳು ಸಿದ್ದೀಕಾ. ಆಮೇಲೆ ಗಂಡನಿಗೆ: “ಮೂರಾಳಿಗೆ ಬಂದು ನಿಂತಾಗ ಹಗ್ಗ ಎರಡು ಸಲ ಜಗ್ಗು. ಆವಾಗ ನಾ ಎಲಿ ಹಾಕ್ತೇನಿ. ಅದಕಿಂತ ಮೊದಲು ಹಾಕಂಗಿಲ್ಲ. ಹಗ್ಗಾನೂ ಮುಟ್ಟಂಗಿಲ್ಲ.” ಸ್ವಲ್ಪ ತಡೆದು, “ಹೋಗೊ ಸಂಗ್ಯಾ, ಅಟ್ಟ ಏರು,” ಎಂದಳು.

ಹಗ್ಗ ಇಳಿಸುವಾಗ ಸಂಗುವಿನ ತಲೆಯ ಮೇಲೆ ಏಪ್ರಿಲ್‌ನಿಂದ ಕೂತ ಧೂಳು, ಎರಡು ಜಿರಲೆ, ಮತ್ತು ಒಂದು ಹಳೇ ಕುಕ್ಕರ್ ಬಿದ್ದವು. ಯಾರೂ ಅವನ ಕಡೆ ನೋಡಲಿಲ್ಲ. ರಜಾಕ ಹಗ್ಗವನ್ನು ಕೈಯಲ್ಲಿ ಹಿಡಿದು ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಜಾಕ್‌ವೆಲ್ಲಿನ ಬಳಿ ಹಿನ್ನೀರು ಇನ್ನೂ ಶಾಂತವಾಗಿತ್ತು. ಹೊಸ ನೀರು ವಾರದಲ್ಲಿ ಬರಬಹುದು ಎಂದು ಪಂಪ್‌ಹೌಸಿನವರು ಹೇಳುತ್ತಿದ್ದರು. ಏಪ್ರಿಲ್‌ನಲ್ಲಿ ಕೊಡ ಸೇದಿದ ಹಾಗೆ ಸೇದಿದ್ದ ಆ ನಾಲ್ವರೂ ಅಲ್ಲೇ ಇದ್ದರು, ಸ್ವಲ್ಪ ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು. ಪಂಪು ಬಂದ್ ಮಾಡಿಸಿ, ಸ್ವಿಚ್ಚಿಗೆ ಬೀಗ ಹಾಕಿಸಿ, ಬೀಗದ ಕೈಯನ್ನು ಸಿದ್ದೀಕಾ ತನ್ನ ಸೆರಗಿಗೆ ಕಟ್ಟಿಕೊಂಡಳು. ಪ್ರಿಯದರ್ಶಿನಿಯೂ ರಜಾಕನ ಜೊತೆ ಸಿಲಿಂಡರ್ ಕಟ್ಟಿದಳು. ಒಬ್ಬರೇ ಇಳಿಯುವುದು ಅವಳ ವಿದ್ಯೆಯಲ್ಲಿ ಇರಲಿಲ್ಲ. ರಜಾಕ ಕೈಗೆ ಕಟ್ಟಿದ ಡಬ್ಬಿಯ ಕಡೆ ಒಮ್ಮೆ, ಹೆಂಡತಿಯ ಕಡೆ ಒಮ್ಮೆ ನೋಡಿ ನೀರಿಗೆ ಇಳಿದ. ತಲೆ ಮರೆಯಾಯಿತು. ಗುಳ್ಳೆಗಳು ಎದ್ದವು.

ಸಿದ್ದೀಕಾಳ ಮಡಿಲಲ್ಲಿ ಸಂಚಿ ಮುಚ್ಚಿಯೇ ಇತ್ತು. ಹತ್ತು ನಿಮಿಷ. ಅವಳು ಬರಿಬಾಯಿ ಜಗಿಯುತ್ತಿದ್ದಳು. ಇಪ್ಪತ್ತು. ಕೆಳಗಿನಿಂದ ಹರಿದ ಬಲೆಯ ತುಂಡು, ಜೊಂಡಿನ ಕಂತೆ, ಒಂದು ಚಪ್ಪಲಿ ತೇಲಿ ಬಂದವು. ಸಂಗು ಧೈರ್ಯ ಹೇಳಬೇಕೆಂದು ಬಾಯಿ ತೆರೆದ.

“ಸುಮ್ನಿರು,” ಎಂದಳು ಸಿದ್ದೀಕಾ.

ಮೂವತ್ತು ನಿಮಿಷ. ಸಂಗು ತನ್ನ ಉಗುರುಗಳನ್ನೆಲ್ಲ ತಿಂದು ಮುಗಿಸಿದ್ದ. ನಾಲ್ವರಲ್ಲಿ ಒಬ್ಬ ಅಭ್ಯಾಸಬಲದಿಂದ ಹಗ್ಗದ ಕಡೆ ಒಂದು ಹೆಜ್ಜೆ ಇಟ್ಟ. ಸಿದ್ದೀಕಾ ತಿರುಗಿ ನೋಡಿದ ನೋಟಕ್ಕೆ ಎರಡು ಹೆಜ್ಜೆ ಹಿಂದೆ ಹೋದ.

ಮೂವತ್ತಾರನೆಯ ನಿಮಿಷಕ್ಕೆ ಹಗ್ಗ ಅಲುಗಿತು. ಒಮ್ಮೆ. ಎಲ್ಲರೂ ಎದ್ದು ನಿಂತರು. ಮತ್ತೊಮ್ಮೆ.

ಸಿದ್ದೀಕಾ ಸಂಚಿಯ ದಾರ ಎಳೆದಳು. ಎಲೆ ತೆಗೆಯುವಾಗ ಒಂದು ಎಲೆ ಜಾರಿ ಹೊಳೆ ಪಾಲಾಯಿತು. ಇನ್ನೊಂದಕ್ಕೆ ಸುಣ್ಣ ಸವರಿ ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು. ಸಂಗು ಫೋನು ನೋಡಲಿಲ್ಲ, ಅವಳ ದವಡೆಯನ್ನೇ ನೋಡಿದ. ಅದು ಅವಸರವಿಲ್ಲದೆ, ನಿಧಾನವೂ ಇಲ್ಲದೆ, ಮೂವತ್ತು ವರ್ಷ ನಡೆದ ಹಾಗೆಯೇ ನಡೆಯಿತು. ಅವಳು ಪಕ್ಕಕ್ಕೆ ಬಾಗಿ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು, “ಬಾ ಈಗ,” ಎಂದು ನೀರಿಗೆ ಹೇಳಿದಳು.

ನೀರು ಸೀಳಿ ರಜಾಕನ ತಲೆ ಬಂತು.

ಮಾಸ್ಕ್ ಮೇಲೆ ಸರಿಸಿ ಅವನು ಮೊದಲು ಮಾಡಿದ್ದು ನಗುವುದು. ಮೂಗು ಒಣಗಿತ್ತು, ಎರಡೂ ಹೆಗಲು ಎತ್ತಿ ತೋರಿಸಿದ. ಪಕ್ಕದಲ್ಲಿ ಎದ್ದ ಪ್ರಿಯದರ್ಶಿನಿ ಹೆಬ್ಬೆರಳನ್ನೂ ತೋರುಬೆರಳನ್ನೂ ಸುತ್ತು ಮಾಡಿ ಎಲ್ಲ ಸರಿ ಎಂದು ಸನ್ನೆ ಮಾಡಿದಳು. ಸಂಗುವಿಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ತಟ್ಟಿದ, ಒಬ್ಬನೇ ಆಗಿ ನಾಚಿದ, ಆಗ ಆ ನಾಲ್ವರೂ ತಟ್ಟಿದರು.

“ಎಲಿ ಮುಗದಿತ್ತೇನು?” ಎಂದು ರಜಾಕ ದಂಡೆ ಹಿಡಿದು ಕೇಳಿದ.

“ಆಗಳೇ ಮುಗದೈತಿ. ನಿನ್ನ ಡಬ್ಬಿ ತಡಾ ಮಾಡ್ತೈತಿ.”

“ಡಬ್ಬಿ ಸೊನ್ನಿ ತೋರಸಿದ ಮ್ಯಾಲನ ಹೊಂಟೇನಿ. ನೀನ ಲಗೂ ತಿಂದೀದಿ.”

“ಸಂಗ್ಯಾ, ಯಾರದು ಖರೆ? ನೀ ಕಂಪ್ಯೂಟರಿನಂವ, ಹೇಳು.”

ಸಂಗು ಈ ಎರಡು ಕಂಪ್ಯೂಟರುಗಳ ನಡುವೆ ಬೀಳುವಷ್ಟು ದಡ್ಡನಾಗಿರಲಿಲ್ಲ. “ಎರಡೂ ಖರೇರಿ,” ಎಂದ.

“ಹಂಗಾದ್ರ ಚೊಲೋ ಆತು,” ಎಂದ ರಜಾಕ, ಇಪ್ಪತ್ತರ ಹುಡುಗನ ದನಿಯಲ್ಲಿ. “ಕೈಯಾಗೊಂದು, ದಂಡಿ ಮ್ಯಾಲೊಂದು. ಎರಡೂ ಹಳೇ ಮಾಡೆಲ್.”

ಸಿದ್ದೀಕಾ ಟವೆಲಿನಿಂದ ಅವನ ತಲೆಗೆ ಒಂದು ಬಿಟ್ಟಳು. ಆಮೇಲೆ ಅದೇ ಟವೆಲಿನಿಂದ ತಲೆ ಒರೆಸಿದಳು.

ಆ ಯಂತ್ರ ಇಡಲೆಂದು ಸಂಗು ಒಂದು ಗಟ್ಟಿ ಪೆಟ್ಟಿಗೆ ಹುಡುಕಿದ್ದ. ಅದಕ್ಕೂ ಅಂಕ ಹಾಕಿ ಆರಿಸಿದ್ದ. ಅದು ಬೇಕಾಗಲಿಲ್ಲ. ಈಗ ಡಬ್ಬಿ ಸಿದ್ದೀಕಾಳ ಸಂಚಿಯ ಒಂದು ಖಾನೆಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಇರುತ್ತದೆ. ಪಟ್ಟಿಗೆ ಅಲ್ಲಲ್ಲಿ ಸುಣ್ಣ ಹತ್ತಿದೆ. ಮೊನ್ನೆ ಇಂಡಿಯಿಂದ ಫೋನು ಬಂದಾಗ ಸಂಗು ಅವರ ಕಟ್ಟೆಯ ಮೇಲೇ ಕುಳಿತಿದ್ದ. ನಿಂಬೆತೋಟದ ಬಾವಿಯಲ್ಲಿ ಮೋಟಾರು ಕಳಚಿ ಬಿದ್ದಿತ್ತಂತೆ. ಫೋನು ಹಿಡಿದದ್ದು ಸಿದ್ದೀಕಾ.

“ಎಷ್ಟಾಳು ನೀರೈತಿ?” ಎಂದು ಕೇಳಿದಳು. ಆಚೆಯ ಉತ್ತರ ಕೇಳಿ, “ಆತು, ಬರ್ತೇವಿ,” ಎಂದಳು. ಫೋನಿಟ್ಟು ಸಂಚಿಯೊಳಗೆ ಕೈ ಹಾಕಿ, ಮೊದಲು ಎಲೆ ಎಣಿಸಿದಳು, ಆಮೇಲೆ ಡಬ್ಬಿಯ ಗುಂಡಿ ಒತ್ತಿ ಸೆಲ್ ಇದೆಯೇ ಎಂದು ನೋಡಿದಳು.